‘ಆರೋಗಣೆ’ಯ ಕೆಳಗೊಂದು ಕೆಂಪು ಗೆರೆ

ಹಾಲಾವೈ ಊರಿನ ನಲವತ್ತೊಂದು ಮನೆಗಳ ನಲವತ್ತೊಂದು ಹಂದಿಗಳನ್ನು ಒಂದು ಶನಿವಾರ ಬೆಳಿಗ್ಗೆ ದೋಣಿಗೆ ತುಂಬಿಸಿಕೊಂಡು ಹೋದರು. ಹಂದಿಗಳು ವಾಪಸು ಬರಲಿಲ್ಲ.

ಅವುಗಳನ್ನು ಯಾರೂ ಬೇಲಿ ಹಾರಿ ಕದ್ದಿರಲಿಲ್ಲ. ಊರಿನವರೇ ಮೈ ತೊಳೆದು, ಕೊರಳಿಗೆ ಹೂ ಕಟ್ಟಿ, ಹಗ್ಗ ಹಿಡಿದು ದೋಣಿ ಧಕ್ಕೆಗೆ ನಡೆಸಿಕೊಂಡು ಹೋಗಿದ್ದರು. ದೋಣಿ ತಿರುಗುವಾಗ ನಾಲ್ಕು ಸ್ವರಗಳಲ್ಲಿ ಒಂದು ಸ್ತೋತ್ರವನ್ನೂ ಹಾಡಿದ್ದರು. ಏಕೆಂದರೆ ಹಿಂದಿನ ಸೋಮವಾರ ಊರಿನ ಫೋನ್ ಗುಂಪಿಗೆ ತುಇಮಾಲೊ ಪ್ರಭುಗಳ ಖಾತೆಯಿಂದ ಒಂದು ಸಂದೇಶ ಬಂದಿತ್ತು: ಶನಿವಾರ ಔತಣ, ದೋಣಿ ಬರುತ್ತದೆ, ಮನೆಗೊಂದು ಹಂದಿ. ವವಾವು ದ್ವೀಪದ ಆ ಮೂಲೆಯ ನೆಲವೆಲ್ಲ ಪ್ರಭುಗಳದು. ಆ ನೆಲದ ಮೇಲೆ ನಿಂತವರು ಪ್ರಭು ಕೇಳಿದ್ದನ್ನು ಕೊಡುತ್ತಾರೆ. ಕೆಲವರು ಕೇಳುವ ಮೊದಲೇ ಕೊಟ್ಟು, ಕಡಿಮೆಯಾಯಿತೆಂದು ಕ್ಷಮೆಯನ್ನೂ ಕೇಳುತ್ತಾರೆ.

ಪ್ರಭುಗಳು ಆ ಶನಿವಾರ ಬರಲಿಲ್ಲ. ಔತಣವೂ ನಡೆಯಲಿಲ್ಲ. ಊರು ಸುಮ್ಮನಿತ್ತು. ಸುಮ್ಮನಿರದೆ ಹೋದವಳು ಆಕ್ಲೆಂಡಿನ ಕೋಳಿ ಕಾರ್ಖಾನೆಯಲ್ಲಿ ದುಡಿಯುವ ಊರಿನ ಮಗಳೊಬ್ಬಳು. ‘ನಾನು ಕಳಿಸಿದ ಮೇವು ತಿಂದು ಬೆಳೆದ ನನ್ನ ಹಂದಿ ಎಲ್ಲಿ?’ ಎಂದು ಅವಳು ಜಾಲತಾಣದಲ್ಲಿ ಬರೆದಳು. ಎರಡು ದಿನದಲ್ಲಿ ಸಿಡ್ನಿಯ ಚಿಕ್ಕಮ್ಮಂದಿರೂ ಅಮೆರಿಕದ ಭಾವಂದಿರೂ ಸೇರಿ ಆ ಪ್ರಶ್ನೆಯನ್ನು ಎಂಟು ಸಾವಿರ ಸಲ ಕೇಳಿದರು. ಮೂರನೆಯ ದಿನ ಪ್ರಭುಗಳ ಮನೆಯಿಂದ ಹೇಳಿಕೆ ಬಂತು: ‘ನಮ್ಮ ಖಾತೆಗೆ ಯಾರೋ ಕನ್ನ ಹಾಕಿದ್ದಾರೆ. ಆ ಸಂದೇಶ ನಮ್ಮದಲ್ಲ. ಪೊಲೀಸರಿಗೆ ದೂರು ಕೊಟ್ಟಿದ್ದೇವೆ.’

ನಿವೃತ್ತ ಶಿಕ್ಷಕಿ ಕಲೊಲೈನೆಗೆ ಆಗ ಅರುವತ್ತಾರು ವರ್ಷ. ಕಳೆದುಹೋದ ಅವಳ ಹಂದಿಯನ್ನು ಅವಳು ಸಾಕಿದ್ದು ತನ್ನದೇ ಸಾವಿಗೆ. ಮಕ್ಕಳಿಲ್ಲದ ವಿಧವೆ, ಮಣ್ಣಿಗೆ ಬಂದವರನ್ನು ಊಟವಿಲ್ಲದೆ ಕಳಿಸಿದರೆಂಬ ಮಾತು ಬರಬಾರದೆಂದು ನಾಲ್ಕು ವರ್ಷದಿಂದ ಕೊಬ್ಬಿಸಿಟ್ಟಿದ್ದಳು.

“ಈಗ ಇನ್ನೊಂದು ಮರಿ ತಂದು ಬೆಳೆಸೋ ತನಕ ನಾನು ಸಾಯೋ ಹಾಗೂ ಇಲ್ಲ,” ಎಂದು ಅವಳು ಸಮಯ ನೋಡಿ ಪಾದ್ರಿಗಳಿಗೇ ಹೇಳಿದಳು. “ದೇವರಿಗೆ ಸ್ವಲ್ಪ ತಿಳಿಸಿಬಿಡಿ.”

ಮುಂದಿನ ಸೋಮವಾರ ರಾಜಧಾನಿಯಿಂದ ಸಾರ್ಜೆಂಟ್ ಪೆನಿಸಿಮಾನಿ ಬಂದಿಳಿದ. ಸೈಬರ್ ಅಪರಾಧ ಕಂಡುಹಿಡಿಯುವ ದಳದವನು. ಆ ನಾಡಿನ ರೂಢಿಯಂತೆ ಸೊಂಟಕ್ಕೆ ಮರ್ಯಾದೆಯ ಚಾಪೆ ಸುತ್ತಿಕೊಂಡಿದ್ದ. ಕೈಯಲ್ಲಿ ಒಂದು ಪೆಟ್ಟಿಗೆ, ಅದರ ತುಂಬ ಪಾರದರ್ಶಕ ಚೀಲಗಳು. ಊರ ಸಭಾಂಗಣದಲ್ಲಿ ಮೇಜು ಹಾಕಿಸಿ, ಧ್ವನಿವರ್ಧಕದಲ್ಲಿ ಕೂಗಿದ:

“ಸಾರ್ವಜನಿಕರಲ್ಲಿ ವಿನಂತಿ! ಆ ಸಂದೇಶ ಬಂದಿರೋ ಫೋನು ತನ್ನಿ. ಏನನ್ನೂ ಅಳಿಸಬೇಡಿ. ಏನನ್ನೂ ತಿದ್ದಬೇಡಿ. ನಿಮ್ಮ ಫೋನೇ ನಮ್ಮ ಸಾಕ್ಷಿ! ಕೊಡೋ ಮೊದಲು ಏರೋಪ್ಲೇನ್ ಮೋಡ್‌ಗೆ ಹಾಕಿ!”

ಮೊದಲ ಸಾಲಿನ ಮುದುಕ ಕೈ ಎತ್ತಿದ. “ನಾನು ಜನ್ಮದಲ್ಲಿ ವಿಮಾನ ಹತ್ತಿಲ್ಲವಲ್ಲಪ್ಪಾ. ಹಡಗಿನ ಮೋಡ್ ಇಲ್ವಾ?”

ಬಾಗಿಲ ಬಳಿಯ ಬೆಂಚಿನ ಮೇಲೆ ಮಾಕಾ ಒಬ್ಬನೇ ಕುಳಿತಿದ್ದ. ನಲವತ್ತೈದರ ಆಳು, ಹಿಂದೆ ರಗ್ಬಿ ಆಡುತ್ತಿದ್ದವನು, ಈಗ ಫೋನ್ ರಿಪೇರಿ ಮಾಡುತ್ತಾನೆ. ಅವನ ಒಂದೊಂದು ಬೆರಳೂ ಒಂದೊಂದು ಬಾಳೆಕಾಯಿ. ಆ ಬೆರಳುಗಳಲ್ಲಿ ಸಾಸಿವೆ ಕಾಳಿನಂಥ ಸ್ಕ್ರೂ ಹಿಡಿದು, ನಾಲಿಗೆ ಹೊರಗೆ ಚಾಚಿ, ಉಸಿರು ಬಿಗಿಹಿಡಿದು ಅವನು ಕೆಲಸ ಮಾಡುವುದನ್ನು ನೋಡಲೆಂದೇ ಜನ ಫೋನು ಬೀಳಿಸಿಕೊಳ್ಳುತ್ತಿದ್ದರೆಂದು ಪ್ರತೀತಿ. ಹೋದ ವರ್ಷ ಪ್ರಭುಗಳ ಫೋನು ಕಾವಾ ಪಾನೀಯದ ಬಟ್ಟಲಿಗೆ ಬಿದ್ದಾಗ ಅದನ್ನು ಬದುಕಿಸಿದವನೂ ಅವನೇ. ಪ್ರಭುಗಳ ಮನೆಯ ದೂರಿನಲ್ಲಿ ಅದನ್ನೇ ಹಿಡಿದಿದ್ದರು: ‘ನಮ್ಮ ಗುಪ್ತಪದ ಗೊತ್ತಿರುವವನು ಮಾಕಾ ಒಬ್ಬನೇ.’ ಮಂಗಳವಾರದ ಹಡಗಿಗೆ ಸಾರ್ಜೆಂಟರದೊಂದು, ಮಾಕಾನದೊಂದು, ಎರಡು ಟಿಕೆಟು ಆಗಲೇ ಆಗಿತ್ತು. ಮಾಕಾನ ಟಿಕೆಟಿಗೆ ವಾಪಸಿನ ಚೀಟಿ ಇರಲಿಲ್ಲ.

“ಗುಪ್ತಪದ ಏನಾಗಿತ್ತೋ?” ಎಂದು ಕಲೊಲೈನೆ ಅವನ ಪಕ್ಕ ಕುಳಿತು ಪಿಸುಗುಟ್ಟಿದಳು.

“ತುಇಮಾಲೊ ಒಂದು ಎರಡು ಮೂರು, ಟೀಚರಮ್ಮ. ಇಡೀ ಧಕ್ಕೆಗೇ ಕೇಳೋ ಹಾಗೆ ಕೂಗಿ ಹೇಳಿದ್ರು ಅವರು. ಮೀನುಗಳಿಗೂ ಗೊತ್ತು.”

“ನೀನು ಹೆದರಬೇಡ. ಸಂದೇಶ ಬಂದಾಗ ನೀನೆಲ್ಲಿದ್ದೆ ಅಂತ ನನಗೆ ಗೊತ್ತು.”

“ನಿಮ್ಮನೇಲಿ ಕೆಸುವಿನೆಲೆ ಲೂ ತಿಂತಿದ್ದೆ.”

“ಮೂರು ಪೊಟ್ಟಣ ತಿಂದೆ. ಅದನ್ನೂ ಹೇಳ್ತೀನಿ.”

ಸಾಕ್ಷಿ ಸಂಗ್ರಹ ಆರಂಭವಾಯಿತು. ಸಾರ್ಜೆಂಟನ ಲೆಕ್ಕದಲ್ಲಿ ಒಂದು ಫೋನಿಗೆ ಐದು ನಿಮಿಷ. ಅವನು ಹಾಲಾವೈಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆ ಊರಿನಲ್ಲಿ ಯಾವ ವಸ್ತುವನ್ನೂ ಹಾಗೇ ಕೈಗೆ ಕೊಡುವುದಿಲ್ಲ. ಮೊದಲನೆಯವನು ತನ್ನ ಫೋನನ್ನು ತೊಗಟೆ ಬಟ್ಟೆಯಲ್ಲಿ ಸುತ್ತಿ, ಮಂಡಿಯೂರಿ ಕುಳಿತು, ರಾಜಧಾನಿಯಿಂದ ಬಂದ ಅತಿಥಿಯ ವಂಶವನ್ನು ಆರು ತಲೆಮಾರು ಹೊಗಳಿ, ತನ್ನ ಫೋನು ಎಷ್ಟು ಅಲ್ಪವಾದದ್ದು, ಅದರ ಬ್ಯಾಟರಿ ಎಷ್ಟು ದೀನವಾದದ್ದು ಎಂದು ವಿವರಿಸಿ, ಜೊತೆಗೆ ಮೊಣಕೈ ಉದ್ದದ ಎರಡು ಉಫಿ ಗೆಣಸು ಇಟ್ಟ.

“ಗೆಣಸು ಬೇಡ,” ಎಂದ ಸಾರ್ಜೆಂಟ್. “ಲಂಚ ಆಗತ್ತೆ.”

“ಲಂಚ ಅಲ್ಲ ಸಾರ್ಜೆಂಟ್ರೇ, ಫೋನಿನ ಜೊತೆಗಾರ. ಒಂಟಿಯಾಗಿ ಕಳಿಸಿದ್ರೆ ನಮ್ಮ ಮನೆ ಮರ್ಯಾದೆ ಏನಾಗ್ಬೇಕು?”

ಮೇಜಿನ ಮೇಲೆ ಬಂದದ್ದೆಲ್ಲ ದಾಖಲಾಗಬೇಕೆಂಬುದು ನಿಯಮ. ಪೆನಿಸಿಮಾನಿ ನಿಟ್ಟುಸಿರಿಟ್ಟು ಬರೆದ: ‘ಸಾಕ್ಷಿ ೧(ಅ): ಫೋನು. ಸಾಕ್ಷಿ ೧(ಆ): ಗೆಣಸು, ಎರಡು.’ ಅಷ್ಟಕ್ಕೆ ನಿಲ್ಲಿಸದೆ ಬಾಯಿ ತಪ್ಪಿ “ಒಳ್ಳೇ ಗೆಣಸು” ಅಂದುಬಿಟ್ಟ. ಆ ಮಾತು ಸಾಲಿನ ಕೊನೆಯವರೆಗೆ ಹರಿದದ್ದೇ ತಡ, ಅರ್ಧ ಜನ ತೋಟಕ್ಕೆ ಓಡಿದರು. ಮಧ್ಯಾಹ್ನದ ಹೊತ್ತಿಗೆ ಮೇಜಿನ ಸುತ್ತ ಹನ್ನೊಂದು ಫೋನು, ಐವತ್ತಮೂರು ಗೆಣಸು, ಎರಡು ಕೋಳಿ. ‘ಸಾಕ್ಷಿ ೯(ಇ)’ ಚೀಲ ಹರಿದುಕೊಂಡು ಸಭಾಂಗಣದ ಜಂತಿಯ ಮೇಲೆ ಹೋಗಿ ಕುಳಿತಿತ್ತು. ಕೆಳಗಿನಿಂದ ಸಾರ್ಜೆಂಟ್ ಅದಕ್ಕೆ ಶರಣಾಗುವಂತೆ ಆದೇಶ ಕೊಟ್ಟುಕೊಂಡಿದ್ದ.

ಆಮೇಲೆ ಹೆಂಗಸರ ಸರದಿ. ಮೊದಲು ಬಂದವಳು ಲುಪೆ. ಊರ ಗಾಯನ ಮಂಡಳಿಯಲ್ಲಿ ಅವಳ ದನಿಗೆ ಮೈಕು ಕೊಡುವುದಿಲ್ಲ, ಕೊಟ್ಟರೆ ಸುಟ್ಟುಹೋಗುತ್ತದೆ. “ಅಣ್ಣಾ! ತಗೋ ನನ್ನ ಫೋನು!”

ಪೆನಿಸಿಮಾನಿ ಕುರ್ಚಿ ಸಮೇತ ಹಿಂದೆ ಸರಿದ. “ಯಾಕೆ ಅಣ್ಣ ಅಂತೀಯಾ?”

“ನಿನ್ನಜ್ಜಿ ನಮ್ಮಜ್ಜಿ ಅಕ್ಕತಂಗಿ. ನನಗೊಬ್ಬಳಿಗೇ ಅಲ್ಲ. ಆ ಸಾಲಲ್ಲಿ ನಿಂತಿರೋರೆಲ್ಲ ನಿನಗೆ ತಂಗೀರೇ, ಎಣಿಸ್ಕೋ.”

ಕೆಲಸ ಕೆಟ್ಟಿತು. ಆ ನಾಡಿನಲ್ಲಿ ಅಕ್ಕತಂಗಿಯರ ಹಾಸಿಗೆ, ಬಟ್ಟೆ, ಪೆಟ್ಟಿಗೆ, ಅಣ್ಣತಮ್ಮಂದಿರು ಮುಟ್ಟುವ ಹಾಗಿಲ್ಲ. ಪ್ರೇಮದ ಒಂದು ಮಾತು ಇಬ್ಬರ ಕಿವಿಗೂ ಒಟ್ಟಿಗೆ ಬಿದ್ದರೆ ಒಬ್ಬರು ಎದ್ದು ಹೊರಗೆ ಹೋಗಬೇಕು. ಇನ್ನು ಫೋನು ಎಂದರೆ ಹಾಸಿಗೆ, ಬಟ್ಟೆ, ಪೆಟ್ಟಿಗೆ, ಪ್ರೇಮ, ನಾಲ್ಕೂ ಒಂದೇ ಕಡೆ. ತರಬೇತಿಯಲ್ಲಿ ಪೆನಿಸಿಮಾನಿಗೆ ಸತ್ತ ಫೋನಿನಿಂದ ಮಾತು ಹೊರಡಿಸುವುದನ್ನು ಕಲಿಸಿದ್ದರು. ಜೀವಂತ ತಂಗಿಯ ಫೋನಿಗೆ ಉಪಾಯ ಹೇಳಿಕೊಟ್ಟಿರಲಿಲ್ಲ.

ಊರ ಅಧಿಕಾರಿ ಲಿಸಿಯಾತೆ ಉಪಾಯ ಹೇಳಿದ. ತೆಳ್ಳನೆ ಮನುಷ್ಯ, ಪ್ರಭುಗಳ ಹೆಸರು ಹೇಳುವಾಗ ಫೋನಿನಲ್ಲೂ ಬಗ್ಗುವವನು. ಊರ ಫೋನ್ ಗುಂಪಿನ ಯಜಮಾನನೂ ಅವನೇ. ಸಭಾಂಗಣದ ನಡುವೆ ಅಡ್ಡಲಾಗಿ ದೊಡ್ಡ ಚಾಪೆಯೊಂದನ್ನು ಕಟ್ಟಿಸಿದ. ಚಾಪೆಯ ಆಚೆ ತಂಗಿಯರು, ಈಚೆ ಅಣ್ಣ. ಆಚೆಯಿಂದ ಸಂದೇಶ ಓದಿ ಹೇಳಲು ಕಲೊಲೈನೆ. ಅವಳು ಎಉವಾ ದ್ವೀಪದಿಂದ ಮದುವೆಯಾಗಿ ಬಂದವಳು, ಸಾರ್ಜೆಂಟನಿಗೆ ಯಾವ ಕಡೆಯಿಂದಲೂ ನೆಂಟಳಲ್ಲ.

“ನಮ್ಮೆಲ್ಲರಿಗೂ ಓದು ಕಲಿಸಿದೋರು ಅವರೇ,” ಎಂದ ಲಿಸಿಯಾತೆ. “ಓದ್ಲಿ.”

ಕಲೊಲೈನೆಯ ಜೇಬಿನಲ್ಲಿ ಅವಳದೇ ಫೋನಿತ್ತು, ಅದರಲ್ಲಿ ಮಾಕಾನ ಬಿಡುಗಡೆಯೂ ಇತ್ತು. ಆದರೂ ಅವಳು ಅವಸರ ಮಾಡಲಿಲ್ಲ. ನಲವತ್ತು ಫೋನಿನಲ್ಲಿ ಅದೇ ಸಂದೇಶ ಅದೇ ಗಂಟೆಗೆ ಬಂದಿರುವಾಗ ತನ್ನದೊಂದು ಯಾಕೆ ಮುಂದೆ ಹಾರಬೇಕು? ಕನ್ನಡಕ ಏರಿಸಿ, ಲುಪೆಯ ಫೋನು ತೆರೆದು ತರಗತಿಯ ದನಿಯಲ್ಲಿ ಓದಿದಳು: “‘ಪ್ರಭುಗಳು ಶನಿವಾರ ದಯಮಾಡಿಸಿ ಭೋಜನ ಮಾಡುವರು. ಮನೆಗೊಂದು ಹಂದಿ ತಲುಪಿಸಿ.’” ಓದಿ ಹುಬ್ಬು ಗಂಟಿಕ್ಕಿದಳು.

ಎರಡನೆಯ ಫೋನು: “‘ನಾನು ಶನಿವಾರ ಬಂದು ತಿನ್ನುತ್ತೇನೆ...’”

ಮೂರನೆಯದು: “‘ಪ್ರಭುಗಳು ದಯಮಾಡಿಸುವರು, ಬೇಡವೆಂದರೂ ಕೊಂಚ ರುಚಿ ನೋಡುವರು. ಮನೆಗೊಂದು ಹಂದಿ, ಸಣ್ಣದಾದರೂ ಸಾಕು.’”

“‘ಸಣ್ಣದಾದರೂ ಸಾಕು’ ಅಂತ ಇತ್ತಾ?” ಸಾರ್ಜೆಂಟ್ ಚಾಪೆಯ ಈಚೆಯಿಂದ ಕೂಗಿದ.

“ಇರಲಿಲ್ಲ,” ಎಂದು ಆಚೆಯಿಂದ ಆ ಫೋನಿನ ಒಡತಿ ಸಣ್ಣ ದನಿಯಲ್ಲಿ ಒಪ್ಪಿಕೊಂಡಳು. “ನಮ್ಮತ್ತೆಗೆ ಕಳಿಸ್ವಾಗ ಸೇರಿಸ್ದೆ. ನಮ್ಮ ಹಂದಿ ಬಡಕಲು.”

ಏಳನೆಯದರ ಕೊನೆಗೆ ‘ಆಮೆನ್’ ಇತ್ತು. ಹದಿನಾಲ್ಕನೆಯದರಲ್ಲಿ ಅಲ್ಪವಿರಾಮಗಳೆಲ್ಲ ಎಷ್ಟು ಸರಿಯಾಗಿದ್ದವೆಂದರೆ ಕಲೊಲೈನೆ ಮೈಮರೆತು “ಭೇಷ್” ಅಂದಳು. ಅಂದವಳು ಅಲ್ಲೇ ತಡೆದಳು. ಅವಳು ಕಲಿಸಿದ ಮಕ್ಕಳು! ಒಬ್ಬರೂ ತಪ್ಪನ್ನು ತಪ್ಪಾಗಿ ಉಳಿಸಿರಲಿಲ್ಲ. ಊರಿಗೆ ಊರೇ ಕುಳಿತು ಸಾಕ್ಷಿಯನ್ನು ತಿದ್ದಿ ಬರೆದಿತ್ತು.

ತಪ್ಪು ಏನೆಂದರೆ ಇದು. ಆ ನಾಡಿನ ನುಡಿಯಲ್ಲಿ ಮೂರು ಬಾಯಿಗೆ ಮೂರು ಊಟ. ಜನ ತಿನ್ನುತ್ತಾರೆ, ಪ್ರಭುಗಳು ಭೋಜನ ಮಾಡುತ್ತಾರೆ, ಅರಸರು ಆರೋಗಣೆ ಮಾಡುತ್ತಾರೆ. ಜನ ಬರುತ್ತಾರೆ, ಪ್ರಭುಗಳು ದಯಮಾಡಿಸುತ್ತಾರೆ, ಅರಸರು ಬಿಜಯಂಗೈಯುತ್ತಾರೆ. ಹಸಿವಿಗೆ ಮಾತ್ರ ಯಾರ ಹೊಟ್ಟೆಯಲ್ಲಿದ್ದರೂ ಅಷ್ಟು ಬಣ್ಣದ ಮಾತಿಲ್ಲ. ಇಷ್ಟಿದ್ದೂ ಒಂದು ಕಟ್ಟು ಇತ್ತು: ತನ್ನ ವಿಷಯ ತಾನೇ ಹೇಳಿಕೊಳ್ಳುವಾಗ ಯಾರಾದರೂ ಸರಿ, ‘ಬರುತ್ತೇನೆ, ತಿನ್ನುತ್ತೇನೆ’ ಎನ್ನಬೇಕು. ತನ್ನ ಊಟವನ್ನು ತಾನೇ ಆರೋಗಣೆ ಎಂದವನು ಮೂರ್ಖನಾಗಿರಬೇಕು, ಇಲ್ಲವೆ ಸಿಂಹಾಸನದ ಮೇಲೆ ಕಣ್ಣಿಟ್ಟವನಾಗಿರಬೇಕು. ಮೊದಲು ಬಂದ ಮೂಲ ಸಂದೇಶದಲ್ಲಿ ಇದ್ದದ್ದು ಹೀಗೆ: ‘ಶನಿವಾರ ನಾವು ಬಿಜಯಂಗೈದು ಆರೋಗಣೆ ಮಾಡುತ್ತೇವೆ.’

ಓದಿದ ಪ್ರತಿಯೊಬ್ಬರಿಗೂ ಮೈ ಜುಮ್ಮೆಂದಿತ್ತು. ಯಾರೂ ಬಾಯಿ ಬಿಟ್ಟಿರಲಿಲ್ಲ. ಎಲ್ಲರೂ ಗುಟ್ಟಾಗಿ ತಿದ್ದಿದ್ದರು.

“ಅದೆಲ್ಲ ಇರಲಿ, ಮೂಲ ಎಲ್ಲಿ?” ಸಾರ್ಜೆಂಟನ ದನಿ ಏರಿತು. “ಪ್ರಭುಗಳ ಖಾತೆಯಿಂದ ಬಂದ ಮೂಲ ಸಂದೇಶ! ಇವೆಲ್ಲ ಲಿಸಿಯಾತೆ ಹೆಸರಿಂದಲೋ ಒಬ್ಬರಿಂದೊಬ್ಬರಿಗೋ ಬಂದಿದಾವಲ್ಲ!”

ಲಿಸಿಯಾತೆ ಗೆಣಸಿನ ರಾಶಿಯನ್ನು ನೋಡುತ್ತ ನಿಂತ. “ನಾನು ಗುಂಪಿನ ಯಜಮಾನ ನೋಡಿ... ಎಲ್ಲರ ಫೋನಿಂದಲೂ ಅಳಿಸ್ದೆ. ಮಾತು ಸರಿ ಮಾಡಿ ಮತ್ತೆ ಹಾಕ್ದೆ. ಪ್ರಭುಗಳ ಮಾನ ನೋಡ್ಬೇಕಲ್ವಾ?”

“ಬರೀ ‘ತಿನ್ನುತ್ತೇನೆ’ ಅಂತ ಹಾಕಿದ್ದ,” ಚಾಪೆಯ ಆಚೆಯಿಂದ ಲುಪೆ ಗುಡುಗಿದಳು. “ಓದಿದ್ರೆ ನಮ್ಮನ್ನೇ ತಿಂತಾರೇನೋ ಅನ್ನಿಸ್ತಿತ್ತು. ಅದಕ್ಕೇ ನಾವು ಇನ್ನೊಂದ್ಸಲ ತಿದ್ದಿದ್ವಿ.”

“ಸಾಕ್ಷಿ ನಾಶ ಮಾಡಿದೀಯಲ್ಲಯ್ಯಾ!”

“ಸಾಕ್ಷಿ ಯಾಕೆ ಬೇಕು?” ಲಿಸಿಯಾತೆಗೆ ಗಾಬರಿಯಲ್ಲಿ ಧೈರ್ಯ ಬಂತು. “ಕಳ್ಳನ ಹೆಸರು ದೂರಲ್ಲೇ ಇದೆ. ಅಗೋ ಬೆಂಚಿನ ಮೇಲೇ ಇದಾನೆ. ನಾಳೆ ಹಡಗು.”

ಎಲ್ಲರೂ ಮಾಕಾನತ್ತ ತಿರುಗಿದರು. ಮಾಕಾ ತನ್ನ ಬಾಳೆಕಾಯಿ ಬೆರಳುಗಳನ್ನು ತೊಡೆಯ ಕೆಳಗೆ ಅಡಗಿಸಿಕೊಂಡ.

ಕಲೊಲೈನೆ ಚಾಪೆ ಎತ್ತಿ ಈಚೆಗೆ ಬಂದಳು. ಜೇಬಿನಿಂದ ಫೋನು ತೆಗೆದಳು. ಗಾಜು ಒಡೆದು ಜೇಡರ ಬಲೆಯಾಗಿತ್ತು. “ಇಲ್ಲಿದೆ ನೋಡಪ್ಪಾ ಮೂಲ. ಅದರ ಫೋಟೊ.”

ಪೆನಿಸಿಮಾನಿ ನೋಡಿದ. ಪ್ರಭುಗಳ ಹೆಸರು, ಅವರ ಸಂಖ್ಯೆ, ಸಂದೇಶ ಬಂದ ಹೊತ್ತು ಬೆಳಿಗ್ಗೆ ಏಳು ಹನ್ನೆರಡು. ‘ಬಿಜಯಂಗೈದು’ ಎಂಬುದರ ಕೆಳಗೆ ಕೆಂಪು ಗೆರೆ. ‘ಆರೋಗಣೆ’ಯ ಕೆಳಗೆ ಇನ್ನೊಂದು ಕೆಂಪು ಗೆರೆ. ಅಂಚಿನಲ್ಲಿ ‘ಹತ್ತಕ್ಕೆ ಮೂರು’. ಒಂದು ಮೂಲೆಯಲ್ಲಿ ದಪ್ಪನೆಯ ಹಸಿರು ಗೀಚು, ಮುಳುಗಿದ ದೋಣಿಯ ಹಾಗೆ.

“ಇದೇನು ಗೀಚು?”

“ಅದು ಮಾಕಾನ ಬೆರಳು. ಏಳು ಹನ್ನೆರಡಕ್ಕೆ ಸಂದೇಶ ಬಂತು. ಇವನು ನನ್ನೆದುರು ಕೂತು ಎರಡೂ ಕೈಲಿ ಲೂ ತಿಂತಿದ್ದ. ಫೋನಲ್ಲಿ ಕೆಂಪು ಗೆರೆ ಎಳೆಯೋದು ಹೇಗೋ ಅಂತ ಕೇಳ್ದೆ. ಫೋಟೊ ತೆಗೆದು, ಬಣ್ಣ ಆರಿಸಿ, ಎಳೆದು ತೋರಿಸ್ದ. ಫೋಟೊದ ಹೊತ್ತು ನೋಡು: ಏಳು ಹದಿನಾಲ್ಕು. ಎಣ್ಣೆ ಕೈ ಬೇರೆ, ಒರೆಸೋಕೆ ನನಗೆ ಎರಡು ದಿನ ಆಯ್ತು.”

ಸಾರ್ಜೆಂಟನಿಗೆ ಮೊದಲ ಸಲ ತನ್ನ ಕಸುಬು ನೆನಪಾದಂತಾಯಿತು. ಫೋನನ್ನು ಪೆಟ್ಟಿಗೆಯ ಯಂತ್ರಕ್ಕೆ ಸಿಕ್ಕಿಸಿ, ತೆರೆಯ ಮೇಲೆ ಬಂದ ಅಂಕಿಗಳನ್ನು ತುಟಿ ಅಲುಗಿಸುತ್ತ ಓದಿದ. “ಏಳು ಹದಿನಾಲ್ಕು ನಿಜ,” ಎಂದ. “ಆದರೂ ಟೀಚರಮ್ಮ, ಅದಕ್ಕೆ ಮೊದಲೇ ಏನಾದ್ರೂ ಉಪಾಯ ಮಾಡಿಟ್ಟು...”

“ಮಾಕಾ, ಬಾ ಇಲ್ಲಿ. ‘ಹಂದಿ’ ಅಂತ ಬರಿ.”

ಮಾಕಾ ಬಂದು, ನಾಲಿಗೆ ಚಾಚಿ, ಸಾರ್ಜೆಂಟನ ಫೋನಿನ ಮೇಲೆ ಬೆರಳಿಟ್ಟ. ಅವನ ಬೆರಳು ಒಂದು ಅಕ್ಷರ ಒತ್ತಿದರೆ ಸುತ್ತಲಿನ ಮೂರು ಬಳಗದ ಹಾಗೆ ಜೊತೆಗೇ ಬರುತ್ತವೆ. ತೆರೆಯ ಮೇಲೆ ‘ಹಜಹಗಂಂಡದಧಿ’ ಎಂದು ಮೂಡಿತು. ಅದರ ಜೊತೆಗೆ ಸಾರ್ಜೆಂಟನ ಹೆಂಡತಿಗೆ ಒಂದು ಕರೆಯೂ ಹೋಯಿತು.

“ಇವನು ಅಷ್ಟುದ್ದ ಸಂದೇಶ ಬರೆದ್ನಂತೆ!” ಲುಪೆ ಚಾಪೆಯ ಸಂದಿಯಿಂದ ಇಣುಕಿ ನಕ್ಕ ರಭಸಕ್ಕೆ ಜಂತಿಯ ಮೇಲಿನ ‘ಸಾಕ್ಷಿ ೯(ಇ)’ ಮೊಟ್ಟೆ ಇಟ್ಟಿತು. ಕೆಳಗೆ ಬಿದ್ದು ಒಡೆದ ಅದನ್ನು ಯಾವ ಕಲಮಿನಲ್ಲಿ ಬರೆಯಬೇಕೆಂದು ಸಾರ್ಜೆಂಟನಿಗೆ ತೋಚಲಿಲ್ಲ.

“ಬೆರಳು ಬಿಡು,” ಎಂದಳು ಕಲೊಲೈನೆ. “ಆ ತಪ್ಪು ಮಾಡೋಕೆ ಇವನಿಗೆ ಬರೋದೇ ಇಲ್ಲ. ಈ ಊರಲ್ಲಿ ಯಾರಿಗೂ ಬರಲ್ಲ, ನಾನು ಬರೋಕೆ ಬಿಟ್ಟಿಲ್ಲ. ಮೂವತ್ತೆಂಟು ವರ್ಷದಲ್ಲಿ ಒಬ್ಬನೇ ಒಬ್ಬ ಹುಡುಗ ಆ ತಪ್ಪು ಮಾಡಿದ್ದು.”

ಲಿಸಿಯಾತೆ ಕಣ್ಣುಮುಚ್ಚಿದ. ಕಲೊಲೈನೆ ಚೀಲದಿಂದ ಹಳದಿಗಟ್ಟಿದ ಒಂದು ನೋಟುಬುಕ್ಕು ತೆಗೆದಳು.

ಅವಳಿಗೆ ಇಪ್ಪತ್ತಮೂರು ವರ್ಷವಾಗಿದ್ದಾಗ, ಚಂಡಮಾರುತ ರಾಜಧಾನಿಯ ಶಾಲೆಗಳ ಸೂರು ಹಾರಿಸಿದ ವರ್ಷ, ಆಗಿನ ಪ್ರಭುಗಳ ಒಂಬತ್ತು ವರ್ಷದ ಮಗ, ಅಂದರೆ ಈಗಿನ ಪ್ರಭು, ಹಾಲಾವೈ ಶಾಲೆಗೆ ಬಂದಿದ್ದ. ‘ನನ್ನ ದಿನಚರಿ’ ಎಂಬ ಪ್ರಬಂಧದಲ್ಲಿ ಬರೆದಿದ್ದ: ‘ನಾವು ಏಳು ಗಂಟೆಗೆ ಬ್ರೆಡ್ಡು ಆರೋಗಣೆ ಮಾಡಿ ಶಾಲೆಗೆ ಬಿಜಯಂಗೈದೆವು.’ ಹೊಸ ಶಿಕ್ಷಕಿ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಹತ್ತಕ್ಕೆ ಮೂರು ಕೊಟ್ಟಳು. ಸಂಜೆ ಮುಖ್ಯೋಪಾಧ್ಯಾಯರು ಅವಳನ್ನು ಕರೆಸಿ, ಬಾಗಿಲು ಹಾಕಿ, ‘ಅಳಿಸು’ ಎಂದರು. ಅವಳು ಅಳಿಸಿದಳು. ಕೆಂಪು ಶಾಯಿ ರಬ್ಬರಿಗೆ ಹೋಗುವುದಿಲ್ಲ. ಉಜ್ಜಿ ಉಜ್ಜಿ ಹಾಳೆ ತೂತಾಯಿತು. ತೂತಿನ ಪಕ್ಕದಲ್ಲಿ ಅವರು ಹೇಳಿದಂತೆ ಹತ್ತಕ್ಕೆ ಹತ್ತು ಬರೆದಳು. ಹರಿದ ಪುಸ್ತಕವನ್ನು ಪ್ರಭುಗಳ ಮನೆಗೆ ಕಳಿಸುವಂತಿರಲಿಲ್ಲ, ಅದು ಅವಳ ಬಳಿಯೇ ಉಳಿಯಿತು. ಅಂದಿನಿಂದ ಅವಳು ಯಾವ ಮಗುವಿನ ತಪ್ಪನ್ನೂ ಅಳಿಸಲಿಲ್ಲ, ಅಳಿಸಗೊಡಲಿಲ್ಲ. ತಪ್ಪಿನ ಕೆಳಗೆ ಗೆರೆ ಎಳೆಯಬೇಕು, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು, ಎರಡೂ ಕಾಣುತ್ತಿರಬೇಕು: ಅವಳ ತರಗತಿಯ ಕಾನೂನೇ ಅದಾಗಿತ್ತು.

“ಇದು ಆ ಹುಡುಗನ ಪುಸ್ತಕ,” ಎಂದು ಮೇಜಿನ ಮೇಲಿಟ್ಟಳು. “ತೂತಿನ ಹಿಂದಿನ ಹಾಳೇಲೂ ಅದೇ ತಪ್ಪಿದೆ, ಅದನ್ನ ಹೆಡ್‌ಮಾಸ್ಟ್ರು ನೋಡಿರಲಿಲ್ಲ. ಹೆಬ್ಬೆಟ್ಟಿನ ಗುರುತು ನೀವು ಹುಡುಕ್ತೀರಿ. ನಾವು ಟೀಚರುಗಳು ತಪ್ಪು ನೋಡಿ ಹುಡುಗನ್ನ ಹೇಳ್ತೀವಿ. ಖಾತೆಗೆ ಯಾರೂ ಕನ್ನ ಹಾಕಿಲ್ಲಪ್ಪಾ. ಕನ್ನ ಬಿದ್ದಿದ್ದು ನಮ್ಮ ಹಂದಿಗೂಡಿಗೆ.”

ಪೆನಿಸಿಮಾನಿ ಪುಸ್ತಕ ನೋಡಿದ, ಫೋನು ನೋಡಿದ, ಜಂತಿಯ ಕೋಳಿ ನೋಡಿದ. ಆಮೇಲೆ “ಒಂದು ಫೋನ್ ಮಾಡಿ ಬರ್ತೀನಿ” ಎಂದು ಹೊರಗೆ ಹೋದ. ತೆಂಗಿನ ಮರದ ಕೆಳಗೆ ಅವನು ನಿಂತು ಮಾತಾಡುವುದು ಕಿಟಕಿಯಿಂದ ಕಾಣುತ್ತಿತ್ತು. ಮೊದಲು ನೆಟ್ಟಗೆ ನಿಂತಿದ್ದ. ಬರಬರುತ್ತ ಬಗ್ಗಿದ. ಕೊನೆಗೆ ಲಿಸಿಯಾತೆಗಿಂತ ಕೆಳಗೆ ಬಗ್ಗಿದ್ದ.

ಒಳಗೆ ಬಂದು ಸಾಕ್ಷಿ ಪುಸ್ತಕ ಮುಚ್ಚಿದ.

“ತನಿಖೆ ಮುಗೀತು,” ಎಂದ. “ಮೇಲಿನವರ ಮಾತು. ಪ್ರಭುಗಳ ಗೌರವಕ್ಕೆ ಕುಂದು ತರೋ ಚಿತ್ರ ಯಾರ ಫೋನಲ್ಲೂ ಇರಬಾರದು. ಮಾಕಾನ್ನ ನಾಳೆ ಕರ್ಕೊಂಡು ಬಾ ಅಂದಿದಾರೆ.”

“ಬೆಳಿಗ್ಗೆ ‘ಏನನ್ನೂ ಅಳಿಸಬೇಡಿ’ ಅಂತ ಕೂಗಿದ್ದು ನೀನೇ ಅಲ್ವೇನಪ್ಪಾ?”

“ಅದು ಬೆಳಿಗ್ಗೆ, ಟೀಚರಮ್ಮ.”

“ಧ್ವನಿವರ್ಧಕದಲ್ಲಿ ಕೂಗಿದೆ. ಆಚೆ ಊರಿನವರಿಗೂ ಕೇಳಿಸಿದೆ. ಈಗ ಅಳಿಸಿ ಅನ್ನೋದನ್ನೂ ಅದರಲ್ಲೇ ಕೂಗ್ತೀಯಾ?”

ಪೆನಿಸಿಮಾನಿ ಧ್ವನಿವರ್ಧಕವನ್ನು ಮೇಜಿನ ಕೆಳಗೆ ಸರಿಸಿದ. ಅವನು ಕೆಟ್ಟವನಲ್ಲ, ಎರಡು ಮಕ್ಕಳ ತಂದೆ, ಕಸುಬು ಬಲ್ಲವನು. ಏಳು ಹದಿನಾಲ್ಕು ಎಂಬ ಅಂಕಿ ಅವನ ಯಂತ್ರದ ತೆರೆಯ ಮೇಲೆ ಇನ್ನೂ ಮಿನುಗುತ್ತಿತ್ತು. ಕೈ ಚಾಚಿ ಯಂತ್ರ ಆರಿಸಿ, ಒಡೆದ ಫೋನನ್ನು ಬಿಡಿಸಿ ಅವಳ ಮುಂದೆ ಹಿಡಿದ. “ನೀವೇ ಅಳಿಸಿಬಿಡಿ. ದೊಡ್ಡೋರು. ನನ್ನ ಕೈಲಿ ಮಾಡಿಸಬೇಡಿ.”

ಲಿಸಿಯಾತೆ ಕೈಮುಗಿದ. “ಅಳಿಸಿಬಿಡಿ ಟೀಚರಮ್ಮ. ಒಂದು ಗುಂಡಿ. ನಮ್ಮ ಮನೆಗಳಿರೋದು ಅವರ ನೆಲದ ಮೇಲೆ. ಹಂದಿ ಬೇಕಾದ್ರೆ ನಾನೇ ಒಂದು ಮರಿ ತಂದ್ಕೊಡ್ತೀನಿ, ನಿಶ್ಚಿಂತೆಯಾಗಿ ಸಾಯಬಹುದು ನೀವು.”

ಕಲೊಲೈನೆ ಫೋನು ತೆಗೆದುಕೊಂಡಳು. ಬಾಗಿಲ ಬಳಿ ಮಾಕಾ ತಲೆ ತಗ್ಗಿಸಿ, ತನ್ನ ಅಂಗೈಗಳನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದ. ಒಂದು ಗಳಿಗೆ ಅವಳ ಮೂಗಿಗೆ ರಬ್ಬರಿನ ವಾಸನೆ ಬಂತು, ಉಜ್ಜಿ ಬಿಸಿಯಾದ ಕಾಗದದ ವಾಸನೆ. ಅವಳು ಚಾಪೆ ಎತ್ತಿ ಫೋನನ್ನು ಆಚೆಗೆ ಕೊಟ್ಟಳು. ಆಚೆ ಇಪ್ಪತ್ತೆರಡು ತಂಗಿಯರ ನಡುವೆ ಅದು ಕೈಯಿಂದ ಕೈಗೆ ಹೋಗಿ, ಕೊನೆಗೆ ಲುಪೆಯ ರವಿಕೆಯೊಳಗೆ ಇಳಿಯಿತು.

“ಬಾ ಅಣ್ಣಾ,” ಎಂದು ಲುಪೆ ಕರೆದಳು. “ತಗೋ ಬಾ.”

ಪೆನಿಸಿಮಾನಿ ಗೋಡೆಯವರೆಗೂ ಹಿಂದೆ ಸರಿದ. “ಟೀಚರಮ್ಮ, ಇದು ಆಟ ಅಲ್ಲ. ನಿಮ್ಮ ಹೆಸರಲ್ಲೂ ಟಿಕೆಟ್ ಮಾಡಿಸ್ಬೇಕಾಗತ್ತೆ. ಫೋನ್ ವಾಪಸ್ ತರಿಸ್ಕೊಳ್ಳಿ. ಅಳಿಸಿ.”

ಕಲೊಲೈನೆ ಬಾಗಿಲಿಗೆ ನಡೆದು, ಬೆಂಚಿನ ಮೇಲೆ ಮಾಕಾನ ಪಕ್ಕ ಕುಳಿತಳು. ಸೊಂಟದ ಚಾಪೆ ಸರಿಮಾಡಿಕೊಂಡಳು. ಹಡಗು ಹತ್ತುವವಳ ಹಾಗೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.

“ಮಾಡಿಸು,” ಎಂದಳು. “ಅಳಿಸಲ್ಲ.”